62 ಡಿಗ್ರಿಯೋ, 88 ಡಿಗ್ರಿಯೋ? ಥರ್ಮಲ್ ಕ್ಯಾಮೆರಾದ ರೆಸಲ್ಯೂಷನ್ ಸಾಫ್ಟ್‌ವೇರಿನಿಂದ ಹೆಚ್ಚುತ್ತದೆಯೇ

ಪ್ರಶ್ನೆ: ತುಮಕೂರಿನಲ್ಲಿ ಎಲೆಕ್ಟ್ರಿಕಲ್ ಮೆಯಿಂಟೆನೆನ್ಸ್ ಗುತ್ತಿಗೆ ಮಾಡುತ್ತೇನೆ. ಎರಡು ವರ್ಷದ ಹಿಂದೆ 160×120 ಪಿಕ್ಸೆಲ್‌ನ ಥರ್ಮಲ್ ಕ್ಯಾಮೆರಾ ಕೊಂಡೆ. ಹೋದ ತಿಂಗಳು ಒಂದು ಕಾರ್ಖಾನೆಯ ವಿದ್ಯುತ್ ಯಾರ್ಡಿನಲ್ಲಿ ಐದು ಮೀಟರ್ ದೂರದಿಂದ ನೋಡಿದಾಗ ಐಸೊಲೇಟರ್ (ವಿದ್ಯುತ್ ಮಾರ್ಗವನ್ನು ಬೇರ್ಪಡಿಸುವ ಸ್ವಿಚ್ಚು) ಕ್ಲಾಂಪಿನ ಒಂದು ಬೋಲ್ಟು 62 ಡಿಗ್ರಿ ತೋರಿಸಿತು. ‘ಗಮನಿಸುತ್ತಿರಿ’ ಎಂದು ರಿಪೋರ್ಟ್ ಬರೆದುಕೊಟ್ಟೆ. ಅದೇ ಸಂಜೆ, ಅದೇ ಲೋಡಿನಲ್ಲಿ, ಇನ್ನೊಬ್ಬರು 640×480 ಕ್ಯಾಮೆರಾ ತಂದು ಅಲ್ಲೇ ನಿಂತು ನೋಡಿ 88 ಎಂದರು. ನನಗೆ ಮುಖಭಂಗವಾಯಿತು. ಕ್ಯಾಮೆರಾ ಮಾರಿದವರನ್ನು ಕೇಳಿದರೆ, ‘ಸೂಪರ್ ರೆಸಲ್ಯೂಷನ್ ಸಾಫ್ಟ್‌ವೇರ್ ಹಾಕಿಸಿಕೊಳ್ಳಿ, 320×240 ಆಗುತ್ತದೆ’ ಎನ್ನುತ್ತಾರೆ. ಇದು ನಿಜವೋ, ಚಿತ್ರ ಚೆಂದ ಮಾಡುವ ಉಪಾಯವೋ? ಪಾವಗಡದ ಕಡೆ ಡ್ರೋನಿನಿಂದ ಸೋಲಾರ್ ಪ್ಯಾನೆಲ್ ತಪಾಸಣೆಯ ಕೆಲಸವೂ ಸಿಗುವಂತಿದೆ. ಆ ಡ್ರೋನಿನಲ್ಲಿ 640ನ್ನು 1280 ಮಾಡುವ ಆಯ್ಕೆ ಇದೆಯಂತೆ. ಹಾಗಾದರೆ ಎರಡರಷ್ಟು ಎತ್ತರದಲ್ಲಿ ಹಾರಿಸಿ ಬೇಗ ಮುಗಿಸಬಹುದಲ್ಲವೇ?

ಉತ್ತರ: ಮೊದಲು ಕ್ಲಾಂಪಿನ ವಿಷಯ. ಆ ಇನ್ನೊಬ್ಬರ 88 ನಿಜಕ್ಕೆ ಹತ್ತಿರವಿದೆ. ಹಾಗಂತ ನಿಮ್ಮ ಕ್ಯಾಮೆರಾ ಸುಳ್ಳು ಹೇಳಿಲ್ಲ, ಸರಾಸರಿ ಹೇಳಿದೆ. ಸೂಪರ್ ರೆಸಲ್ಯೂಷನ್ ಕೂಡ ಪೂರ್ತಿ ಬೂಟಾಟಿಕೆಯಲ್ಲ. ಆದರೆ ಅದೇ ಹೆಸರಿನ ಚೀಲದಲ್ಲಿ ಮೂರು ನಾಲ್ಕು ಬೇರೆ ಬೇರೆ ಸರಕು ತುಂಬಿ ಮಾರುತ್ತಿದ್ದಾರೆ. ರಿಪೋರ್ಟಿಗೆ ಸಹಿ ಹಾಕುವ ಯೋಗ್ಯತೆ ಅದರಲ್ಲಿ ಒಂದೆರಡಕ್ಕೆ ಮಾತ್ರ ಇದೆ.

ನಿಮ್ಮ 62 ಎಲ್ಲಿಂದ ಬಂತು ಎಂಬ ಲೆಕ್ಕ ಹಾಕೋಣ. ಈ ದರ್ಜೆಯ ಕ್ಯಾಮೆರಾದ ನೋಟದ ಅಗಲ ಸುಮಾರು 25 ಡಿಗ್ರಿ ಎಂದಿಟ್ಟುಕೊಳ್ಳಿ. ಅದನ್ನು 160 ಪಿಕ್ಸೆಲ್‌ಗೆ ಹಂಚಿದರೆ ಒಂದು ಪಿಕ್ಸೆಲ್ ಪಾಲಿಗೆ ಒಂದು ಮೀಟರ್ ದೂರದಲ್ಲಿ 2.7 ಮಿಮೀ, ಐದು ಮೀಟರ್ ದೂರದಲ್ಲಿ ಸುಮಾರು 13.6 ಮಿಮೀ ಅಗಲದ ಚೌಕ ಬರುತ್ತದೆ. ಬೋಲ್ಟಿನ ಬಿಸಿಯಾದ ಭಾಗ 8.5 ಮಿಮೀ ಇದ್ದರೆ ಆ ಚೌಕದ ಐದರಲ್ಲಿ ಎರಡು ಪಾಲನ್ನಷ್ಟೇ ತುಂಬುತ್ತದೆ. ಉಳಿದ ಮೂರು ಪಾಲು 40 ಡಿಗ್ರಿಯ ಸುತ್ತಲಿನ ಲೋಹ. ಪಿಕ್ಸೆಲ್‌ಗೆ ಇವೆರಡನ್ನು ಬೇರೆ ಮಾಡಿ ನೋಡುವ ಕಣ್ಣಿಲ್ಲ. ಬಿದ್ದ ಶಾಖವನ್ನೆಲ್ಲ ಒಂದೇ ಬೋಗುಣಿಗೆ ಸುರಿದುಕೊಂಡು ಒಂದು ಸಂಖ್ಯೆ ಹೇಳುತ್ತದೆ. ಬೋಲ್ಟು ನಿಜವಾಗಿ 90 ಡಿಗ್ರಿ ಇದ್ದರೂ ಆ ಸಂಖ್ಯೆ 62ರ ಆಸುಪಾಸು ಬರುತ್ತದೆ. ಸಾದಾ ಸರಾಸರಿ ಹಾಕಿದರೆ ಇನ್ನೂ ಕಡಿಮೆ ಆಗಬೇಕಿತ್ತು. ಶಾಖದ ವಿಕಿರಣ ಉಷ್ಣತೆ ಏರಿದಂತೆ ಅದಕ್ಕಿಂತ ಜೋರಾಗಿ ಏರುವುದರಿಂದ ಬಿಸಿ ಭಾಗಕ್ಕೆ ಸ್ವಲ್ಪ ಹೆಚ್ಚು ತೂಕ ಸಿಕ್ಕಿದೆ, ಅಷ್ಟೆ.

ಇಷ್ಟಕ್ಕೂ ನಿಮ್ಮ ಅದೃಷ್ಟ ಚೆನ್ನಾಗಿತ್ತು. ಆ ಬೋಲ್ಟು ಒಂದು ಪಿಕ್ಸೆಲ್ಲಿನ ನಡುಮಧ್ಯ ಬಿದ್ದದ್ದರಿಂದ 62 ಬಂತು. ನಾಲ್ಕು ಪಿಕ್ಸೆಲ್‌ಗಳು ಕೂಡುವ ಮೂಲೆಯಲ್ಲಿ ಬಿದ್ದಿದ್ದರೆ ಪ್ರತಿಯೊಂದಕ್ಕೂ ಹತ್ತರಲ್ಲಿ ಒಂದು ಪಾಲಿನಷ್ಟೇ ಬಿಸಿ ಸಿಕ್ಕಿ, ಕ್ಯಾಮೆರಾ 46 ತೋರಿಸಿ ಸುಮ್ಮನಾಗುತ್ತಿತ್ತು. ನೀವು ಆ ಕ್ಲಾಂಪನ್ನು ನೋಡದೆ ಮುಂದಕ್ಕೆ ಹೋಗುತ್ತಿದ್ದಿರಿ. ಈ 46 ಮತ್ತು 62ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೈ ತುಸು ಅಲುಗಿದಾಗ ಪರದೆಯ ಮೇಲೆ 62, 54, 47, 60 ಎಂದು ಕುಣಿಯುವ ಸಂಖ್ಯೆಯನ್ನು ನೀವೂ ಗಮನಿಸಿರುತ್ತೀರಿ. ‘ಕ್ಯಾಮೆರಾ ಸರಿಯಿಲ್ಲ’ ಎಂದು ಬೈದುಕೊಂಡೂ ಇರಬಹುದು. ಆ ಕುಣಿತದಲ್ಲೇ ನಮಗೆ ಬೇಕಾದ ಮಾಹಿತಿ ಅಡಗಿದೆ.

ಉಷ್ಣತೆ ಸರಿಯಾಗಿ ಅಳೆಯಬೇಕಾದರೆ ಬಿಸಿ ಜಾಗ ಕನಿಷ್ಠ ಮೂರು ಪಿಕ್ಸೆಲ್ ಅಗಲ, ಮೂರು ಪಿಕ್ಸೆಲ್ ಎತ್ತರ ತುಂಬಬೇಕು ಎಂಬುದು ಈ ವೃತ್ತಿಯ ಹಳೆಯ ಕಟ್ಟಳೆ. ನಿಮ್ಮ ಕ್ಯಾಮೆರಾದಲ್ಲಿ ಹಾಗೆ ಆಗಬೇಕಾದರೆ ಆ ಬೋಲ್ಟಿನಿಂದ ಒಂದು ಮೀಟರ್ ದೂರಕ್ಕೆ ಹೋಗಬೇಕು. ಚಾಲೂ ಯಾರ್ಡಿನಲ್ಲಿ ಒಂದು ಮೀಟರಿಗೆ ಹೋದವರು ವಾಪಸ್ ಬಂದು ರಿಪೋರ್ಟ್ ಬರೆಯುವುದಿಲ್ಲ.

ಫೋನಿನ ಕ್ಯಾಮೆರಾದಲ್ಲಿ ಕೋಟಿಗಟ್ಟಲೆ ಪಿಕ್ಸೆಲ್ ಸಿಗುವ ಈ ಕಾಲದಲ್ಲಿ ಥರ್ಮಲ್ ಕ್ಯಾಮೆರಾ ಯಾಕೆ ಇನ್ನೂ 160ರಲ್ಲಿ ಕುಂತಿದೆ? ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಅರ್ಧ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ಆಸುಪಾಸು. ನಮ್ಮ ಮೈ, ಗೋಡೆ, ಕ್ಲಾಂಪು ಸೂಸುವ ಶಾಖದ ಬೆಳಕಿನದು ಸುಮಾರು 10 ಮೈಕ್ರಾನ್, ಅಂದರೆ ಇಪ್ಪತ್ತು ಪಟ್ಟು ಉದ್ದ. ಈ ಬೆಳಕು ಸಾದಾ ಗಾಜನ್ನು ದಾಟುವುದಿಲ್ಲ, ಹಾಗಾಗಿ ಮಸೂರವನ್ನು ದುಬಾರಿ ಜರ್ಮೇನಿಯಮ್‌ನಲ್ಲಿ ಕೊರೆಯಬೇಕು. ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ಒಂದು ಪುಟಾಣಿ ಮಂಚ. ಬಿದ್ದ ಶಾಖಕ್ಕೆ ಅದು ಕೂದಲೆಳೆಯಷ್ಟು ಬಿಸಿಯಾಗುತ್ತದೆ, ಬಿಸಿಯಾದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ, ನಾವು ಓದುವುದು ಆ ಬದಲಾವಣೆಯನ್ನು. ಮೈಕ್ರೊಬೊಲೊಮೀಟರ್ ಎಂಬ ಈ ಉಪಾಯವನ್ನು ಅಮೆರಿಕದ ಹನಿವೆಲ್ ಕಂಪನಿ 1980ರ ದಶಕದಲ್ಲಿ ಸೇನೆಯ ದುಡ್ಡಿನಲ್ಲಿ ಗುಟ್ಟಾಗಿ ಬೆಳೆಸಿತು. 1990ರ ದಶಕದ ಆರಂಭದಲ್ಲಿ ಗುಟ್ಟು ತೆರವಾದ ಮೇಲೆಯೇ ನಿಮ್ಮ ನಮ್ಮ ಕೈಗೆ ಥರ್ಮಲ್ ಕ್ಯಾಮೆರಾ ಬಂದದ್ದು. ಆಗ 50 ಮೈಕ್ರಾನ್ ಅಗಲವಿದ್ದ ಪಿಕ್ಸೆಲ್ 25, 17 ಎಂದು ಇಳಿಯುತ್ತಾ ಈಗ 12ರಲ್ಲಿದೆ. ಅದಕ್ಕಿಂತ ಚಿಕ್ಕವೂ ಬರುತ್ತಿವೆ. ಆದರೆ ಮಂಚ ಚಿಕ್ಕದಾದಂತೆ ಅದಕ್ಕೆ ಬೀಳುವ ಶಾಖವೂ ಕಡಿಮೆಯಾಗಿ ಗದ್ದಲ (ಅಳತೆಯಲ್ಲಿ ಬೆರೆಯುವ ಅಡ್ಡಾದಿಡ್ಡಿ ಏರಿಳಿತ) ಹೆಚ್ಚುತ್ತದೆ. ಹಾರ್ಡ್‌ವೇರ್ ದಾರಿ ಇಷ್ಟು ದುಬಾರಿಯಾದ್ದರಿಂದಲೇ ಎಲ್ಲರ ಕಣ್ಣು ಲೆಕ್ಕಾಚಾರದ ದಾರಿಯ ಮೇಲೆ ಬಿದ್ದಿದೆ.

ಆ ಚೀಲದಲ್ಲಿರುವ ಮೊದಲನೇ ಸರಕು ಬರೀ ಹಿಗ್ಗಿಸುವುದು. ಎರಡು ಪಿಕ್ಸೆಲ್‌ಗಳ ನಡುವೆ ಅವುಗಳ ಸರಾಸರಿ ಹಾಕಿ ಹೊಸ ಪಿಕ್ಸೆಲ್ ತುಂಬುವುದು. 160×120 ಇದ್ದದ್ದು 320×240 ಆಗುತ್ತದೆ, ಅಂಚುಗಳು ನುಣುಪಾಗುತ್ತವೆ, ಗಿರಾಕಿ ಖುಷಿಯಾಗುತ್ತಾನೆ. ಮಜ್ಜಿಗೆಗೆ ನೀರು ಹೊಯ್ದರೆ ಪಾತ್ರೆ ತುಂಬುತ್ತದೆ, ಮೊಸರು ಹೆಚ್ಚುವುದಿಲ್ಲ. ನಿಮ್ಮ 62 ಹಿಗ್ಗಿದ ಚಿತ್ರದಲ್ಲೂ 62 ಆಗಿಯೇ ಇರುತ್ತದೆ. ಇದರ ಬಗ್ಗೆ ಇನ್ನು ಹೆಚ್ಚು ಮಾತು ಬೇಡ.

ಎರಡನೆಯದು ಅಸಲಿ ಸರಕು: ಹಲವು ಚಿತ್ರಗಳನ್ನು ಸೇರಿಸಿ ಒಂದನ್ನು ಕಟ್ಟುವುದು. ಹಳೆಯ ಮನೆಗಳ ಕಿಟಕಿಯಲ್ಲಿ ಮರದ ಜಾಲರಿ ಇರುತ್ತಿತ್ತು, ನೆನಪಿದೆಯೇ? ಒಳಗೆ ನಿಂತವರು ತಲೆ ಅಲುಗಿಸದೆ ನೋಡಿದರೆ ಬೀದಿ ತುಂಡು ತುಂಡಾಗಿ ಕಾಣುತ್ತದೆ. ತಲೆಯನ್ನು ಸ್ವಲ್ಪ ಆಚೆ ಈಚೆ ಮಾಡಿದರೆ ಮರೆಯಲ್ಲಿದ್ದ ತುಂಡುಗಳು ಒಂದೊಂದಾಗಿ ಕಂಡು, ಮನಸ್ಸು ಇಡೀ ಬೀದಿಯನ್ನು ಜೋಡಿಸಿಕೊಳ್ಳುತ್ತದೆ. ಥರ್ಮಲ್ ಕ್ಯಾಮೆರಾದಲ್ಲೂ ಹೀಗೇ. ಕೈನಡುಕದಿಂದ ಪ್ರತಿ ಚಿತ್ರವೂ ಪಿಕ್ಸೆಲ್ಲಿನ ಅರ್ಧದಷ್ಟೋ ಕಾಲುಭಾಗದಷ್ಟೋ ಸರಿದಿರುತ್ತದೆ. ಬೋಲ್ಟು ಒಮ್ಮೆ ಪಿಕ್ಸೆಲ್ಲಿನ ನಡುವೆ, ಒಮ್ಮೆ ಅಂಚಿಗೆ, ಒಮ್ಮೆ ಮೂಲೆಗೆ ಬೀಳುತ್ತದೆ. ನಡುವೆ ಬಿದ್ದಾಗ 62, ಮೂಲೆಗೆ ಬಿದ್ದಾಗ 46. ಎಷ್ಟು ಸರಿದಾಗ ಎಷ್ಟು ಬದಲಾಯಿತು ಎಂಬುದು ಗೊತ್ತಾದರೆ, ‘ಇಂಥ ಸಂಖ್ಯೆಗಳನ್ನು ಕೊಡಬೇಕಾದರೆ ಬಿಸಿ ಜಾಗ ಇಷ್ಟೇ ಅಗಲ, ಇಷ್ಟು ಬಿಸಿ ಇರಬೇಕು’ ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಹತ್ತು ಹದಿನೈದು ಸಮೀಕರಣ, ಕೆಲವೇ ಅಜ್ಞಾತಗಳು. ಹೈಸ್ಕೂಲಿನ ಬೀಜಗಣಿತದ ದೊಡ್ಡಣ್ಣ ಎನ್ನಿ.

ಈ ಯೋಚನೆ ಹೊಸದಲ್ಲ. 1984ರಲ್ಲಿ ತ್ಸಾಯ್ ಮತ್ತು ಹುವಾಂಗ್ ಎಂಬ ಸಂಶೋಧಕರು ಉಪಗ್ರಹ ಚಿತ್ರಗಳನ್ನು ಮನಸ್ಸಿನಲ್ಲಿಟ್ಟು ಇದರ ಗಣಿತ ಬರೆದರು. 1998ರಲ್ಲಿ ರಸೆಲ್ ಹಾರ್ಡಿ ಮತ್ತು ಸಂಗಡಿಗರು ಅದನ್ನು ಇನ್ಫ್ರಾರೆಡ್, ಅಂದರೆ ಶಾಖದ ಬೆಳಕಿನ, ಕ್ಯಾಮೆರಾಕ್ಕೇ ಹೊಂದಿಸಿ ತೋರಿಸಿದರು. ಖಗೋಳ ವಿಜ್ಞಾನಿಗಳಂತೂ ದೊಡ್ಡ ಪ್ರಮಾಣದಲ್ಲೇ ಬಳಸಿದರು. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕ ಆಕಾಶದ ಒಂದು ಚೂರನ್ನು ಹತ್ತು ದಿನ ದಿಟ್ಟಿಸಿ 342 ಚಿತ್ರ ತೆಗೆಯಿತು. ಅದರ ಕ್ಯಾಮೆರಾದ ಪಿಕ್ಸೆಲ್‌ಗಳು ದರ್ಪಣ ಕೊಡುತ್ತಿದ್ದ ವಿವರಕ್ಕೆ ಹೋಲಿಸಿದರೆ ದಪ್ಪ. ಹಾಗಾಗಿ ಬೇಕೆಂದೇ ಚೂರು ಚೂರು ಸರಿಸಿ ತೆಗೆದು, ‘ಡ್ರಿಜಲ್’ ಎಂಬ ವಿಧಾನದಲ್ಲಿ ನುಣ್ಣಗಿನ ಹಾಳೆಯ ಮೇಲೆ ತುಂತುರಿನಂತೆ ಸುರಿದು ಜೋಡಿಸಿದರು. 2018ರ ಗೂಗಲ್ ಪಿಕ್ಸೆಲ್ 3 ಫೋನಿನ ಜೂಮ್ ಕೂಡ ಕೈನಡುಕವನ್ನೇ ನೆಚ್ಚಿಕೊಂಡದ್ದು.

ಹಾಗಾದರೆ ನೂರು ಚಿತ್ರ ತೆಗೆದು ಹತ್ತು ಪಟ್ಟು ರೆಸಲ್ಯೂಷನ್ ಪಡೆಯಬಹುದೇ? ಇಲ್ಲ. ನಡುವೆ ಮಸೂರ ಅಡ್ಡ ನಿಂತಿದೆ. ಎಷ್ಟೇ ಚೆನ್ನಾಗಿ ಕೊರೆದ ಮಸೂರವೂ ಬಿಂದುವನ್ನು ಬಿಂದುವಾಗಿ ಮೂಡಿಸಲಾರದು, ವಿವರ್ತನೆಯಿಂದ, ಅಂದರೆ ಬೆಳಕು ಅಂಚಿನಲ್ಲಿ ಬಾಗುವುದರಿಂದ, ಅದು ಪುಟ್ಟ ಚುಕ್ಕೆಯಾಗಿ ಹರಡುತ್ತದೆ. ಮಸೂರದ ಎಫ್ ಸಂಖ್ಯೆ (ನಾಭಿದೂರವನ್ನು ಮಸೂರದ ಬಾಯಿಯ ಅಗಲದಿಂದ ಭಾಗಿಸಿದ್ದು) 1, ತರಂಗಾಂತರ 10 ಮೈಕ್ರಾನ್ ಆದರೆ ಆ ಚುಕ್ಕೆಯ ಅಗಲ ಸುಮಾರು 24 ಮೈಕ್ರಾನ್. 12 ಮೈಕ್ರಾನ್‌ನ ಎರಡು ಪಿಕ್ಸೆಲ್‌ಗಳ ಮೇಲೆ ಅದು ಕಾಲು ಚಾಚಿ ಕೂರುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಈ ಮಸೂರ ಮಿಲಿಮೀಟರಿಗೆ 100 ಗೆರೆಜೋಡಿಗಳವರೆಗೆ (ಒಂದು ಕಪ್ಪು, ಒಂದು ಬಿಳಿ ಗೆರೆ ಸೇರಿ ಒಂದು ಜೋಡಿ) ವಿವರವನ್ನು ದಾಟಿಸಬಲ್ಲದು. 12 ಮೈಕ್ರಾನ್ ಪಿಕ್ಸೆಲ್‌ಗಳ ಸೆನ್ಸರು ನೇರವಾಗಿ ಹಿಡಿಯಬಲ್ಲದ್ದು ಸುಮಾರು 42 ಮಾತ್ರ. ಈ 42ಕ್ಕೂ 100ಕ್ಕೂ ನಡುವಿನ ವಿವರ ಸೆನ್ಸರಿನವರೆಗೆ ಬಂದೇ ಇರುತ್ತದೆ, ಆದರೆ ವೇಷ ಹಾಕಿಕೊಂಡು: ಟಿವಿಯಲ್ಲಿ ಸಣ್ಣ ಪಟ್ಟೆ ಅಂಗಿ ತೊಟ್ಟವರು ಕೂತಾಗ ಅಂಗಿಯ ಮೇಲೆ ಇಲ್ಲದ ಅಲೆಗಳು ಹರಿದಾಡುತ್ತವಲ್ಲ, ಹಾಗೆ. ಹಲವು ಚಿತ್ರಗಳ ಲೆಕ್ಕಾಚಾರ ಮಾಡುವುದು ಆ ವೇಷ ಕಳಚುವ ಕೆಲಸವನ್ನು. 100ರ ಆಚೆಗೆ ಮಸೂರವೇ ಬಾಗಿಲು ಹಾಕಿದೆ. ಬರದೇ ಇದ್ದವರ ವೇಷ ಕಳಚುವುದು ಹೇಗೆ?

ಅಂದರೆ ಕಾಗದದ ಮೇಲೆ ಮಿತಿ 2.4 ಪಟ್ಟು. ಮಸೂರ ಎಫ್ 1.4 ಆದರೆ ಮಿತಿ 1.7ಕ್ಕೆ ಇಳಿಯುತ್ತದೆ. ಮಿತಿಯ ಹತ್ತಿರದ ವಿವರಗಳು ತೀರ ಮಸುಕಾಗಿ ಬರುವುದರಿಂದ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಕೈಗೆ ಸಿಗುವುದು ಒಂದೂವರೆ ಪಟ್ಟು, ಎಲ್ಲ ಕೂಡಿ ಬಂದರೆ ಎರಡರ ಹತ್ತಿರ. ಈ ವಿಷಯದಲ್ಲಿ ಜರ್ಮನಿಯ ಟೆಸ್ಟೊ ಕಂಪನಿಯ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಪಿಕ್ಸೆಲ್ ನಾಲ್ಕು ಪಟ್ಟು ಎಂದು ದೊಡ್ಡ ಅಕ್ಷರದಲ್ಲಿ ಹೇಳಿದರೂ, ಬಳಕೆಗೆ ಬರುವ ರೆಸಲ್ಯೂಷನ್ ಹೆಚ್ಚುವುದು 1.6 ಪಟ್ಟು ಎಂದು ತಾನೇ ಹೇಳಿಕೊಂಡಿದೆ. ನಿಮಗೆ ‘320×240 ಆಗುತ್ತದೆ’ ಎಂದವರು ಈ ಎರಡನೇ ಸಂಖ್ಯೆಯನ್ನು ಹೇಳಲಿಲ್ಲ.

ಹಾಗಾಗಿ ನಿಮ್ಮ ಬೋಲ್ಟಿನ ವಿಷಯದಲ್ಲಿ, ಹಲವು ಚಿತ್ರದ ವಿಧಾನ ಸರಿಯಾಗಿ ನಡೆದರೆ 62 ಎಂಬುದು 70 ದಾಟಬಹುದು. 88 ಆಗುತ್ತದೆ ಎಂದು ನಾನು ಬರೆದುಕೊಡಲಾರೆ. ಆದರೆ ಇನ್ನೊಂದು ಲಾಭವಿದೆ, ಅದು ನನ್ನ ಮಟ್ಟಿಗೆ ಹೆಚ್ಚು ಬೆಲೆಯದು: ಮೂಲೆಗೆ ಬಿದ್ದು 46 ತೋರಿಸಿ ತಪ್ಪಿಸಿಕೊಳ್ಳುವ ಪ್ರಸಂಗ ಬಹುಮಟ್ಟಿಗೆ ನಿಲ್ಲುತ್ತದೆ. ತಪಾಸಣೆಯಲ್ಲಿ ಕಡಿಮೆ ಅಳೆಯುವುದಕ್ಕಿಂತ ಕಾಣದೇ ಹೋಗುವುದು ದೊಡ್ಡ ಅಪಾಯ.

ಇದು ‘ಸರಿಯಾಗಿ ನಡೆಯಲು’ ಕೆಲವು ಶರತ್ತುಗಳಿವೆ. ಕೈನಡುಕವನ್ನು ನೆಚ್ಚಿದ ವಿಧಾನಕ್ಕೆ ಟ್ರೈಪಾಡೇ ಶತ್ರು. ಸ್ಟ್ಯಾಂಡಿಗೆ ಬಿಗಿದು ‘ಏನೂ ವ್ಯತ್ಯಾಸ ಕಾಣಲಿಲ್ಲ’ ಎಂದು ದೂರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗೆಂದು ಕ್ಯಾಮೆರಾ ಬೀಸಿದರೂ ಕೆಟ್ಟಿತು. ಆ ಪುಟಾಣಿ ಮಂಚ ಬಿಸಿಯಾಗಿ ತಣ್ಣಗಾಗಲು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಬೇಕು, ಅಷ್ಟರಲ್ಲಿ ಚಿತ್ರ ಓಡಿಹೋದರೆ ಎಲ್ಲ ಬಳಿದ ಹಾಗಾಗುತ್ತದೆ. ಅಗ್ಗದ ಕ್ಯಾಮೆರಾಗಳು ಸೆಕೆಂಡಿಗೆ 9 ಚಿತ್ರದೊಳಗೇ ನಿಲ್ಲುತ್ತವೆ. ಅದಕ್ಕೆ ಕಾರಣ ತಾಂತ್ರಿಕವಲ್ಲ, ಅಮೆರಿಕ ಮೊದಲಾದ ದೇಶಗಳ ರಫ್ತು ನಿರ್ಬಂಧ. ಹದಿನಾರು ಚಿತ್ರ ಬೇಕಾದರೆ ಸುಮಾರು ಎರಡು ಸೆಕೆಂಡು ಉಸಿರು ಬಿಗಿಹಿಡಿದು ನಿಲ್ಲಬೇಕು. ಗಾಳಿಗೆ ತೂಗುವ ವಾಹಕ ತಂತಿಯ ಮೇಲೆ ಇದು ನಡೆಯುವುದು ಕಷ್ಟ, ಯಾಕೆಂದರೆ ತಂತಿ ಒಂದು ಕಡೆ, ಹಿನ್ನೆಲೆ ಇನ್ನೊಂದು ಕಡೆ ಸರಿಯುತ್ತದೆ.

ಥರ್ಮಲ್ ಕ್ಯಾಮೆರಾಕ್ಕೇ ಮೀಸಲಾದ ಇನ್ನೊಂದು ಕಾಟವಿದೆ. ಆಗಾಗ ‘ಟಕ್’ ಎಂದು ಸದ್ದಾಗಿ ಚಿತ್ರ ಕ್ಷಣಕಾಲ ನಿಲ್ಲುತ್ತದಲ್ಲ, ಆಗ ಒಳಗೆ ಒಂದು ಪುಟ್ಟ ಮುಚ್ಚಳ ಸೆನ್ಸರಿನ ಮುಂದೆ ಬಂದು ಹೋಗಿರುತ್ತದೆ. ಎಲ್ಲ ಪಿಕ್ಸೆಲ್‌ಗಳಿಗೂ ಒಂದೇ ಉಷ್ಣತೆ ತೋರಿಸಿ ‘ನಿಮ್ಮ ನಿಮ್ಮ ತಪ್ಪು ಎಷ್ಟು’ ಎಂದು ಹಾಜರಿ ತೆಗೆದುಕೊಳ್ಳುವ ಕ್ರಮ ಅದು. ಆ ಹಾಜರಿಯ ನಂತರವೂ ಉಳಿಯುವ ಪಿಕ್ಸೆಲ್ ಪಿಕ್ಸೆಲ್ ವ್ಯತ್ಯಾಸ ಕನ್ನಡಕದ ಮೇಲಿನ ಧೂಳಿನ ಹಾಗೆ ಕ್ಯಾಮೆರಾದ ಜೊತೆಗೇ ಸಾಗುತ್ತದೆ. ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವ ಸಾಫ್ಟ್‌ವೇರ್ ದೃಶ್ಯದ ಬದಲು ಈ ಧೂಳನ್ನೇ ಹಿಡಿದು ಹೊಂದಿಸಿಬಿಟ್ಟರೆ, ‘ಏನೂ ಸರಿದೇ ಇಲ್ಲ’ ಎಂಬ ತೀರ್ಮಾನಕ್ಕೆ ಬರುತ್ತದೆ. ಒಳ್ಳೆಯ ವಿಧಾನಗಳು ಇದನ್ನೇ ತಿರುಗಿಸಿ ಬಳಸಿಕೊಳ್ಳುತ್ತವೆ: ಅಲುಗಾಟದಲ್ಲಿ ಯಾವುದು ಸರಿಯಿತೋ ಅದು ದೃಶ್ಯ, ಯಾವುದು ನಿಂತಲ್ಲೇ ನಿಂತಿತೋ ಅದು ಕ್ಯಾಮೆರಾದ ಕಸ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಅಶೋಕ್ ವೀರರಾಘವನ್, ರಿಚರ್ಡ್ ಬರಾನಿಯುಕ್ ಮೊದಲಾದವರ ತಂಡ 2021ರಲ್ಲಿ ಪ್ರಕಟಿಸಿದ ‘ಡೀಪ್ಐಆರ್’ ಎಂಬ ವಿಧಾನ ಈ ಬೇರ್ಪಡಿಸುವಿಕೆಯನ್ನೂ ರೆಸಲ್ಯೂಷನ್ ಹೆಚ್ಚಿಸುವುದನ್ನೂ ಒಂದೇ ಲೆಕ್ಕದಲ್ಲಿ ಮಾಡುತ್ತದೆ. ನ್ಯೂರಲ್ ನೆಟ್‌ವರ್ಕ್ ಇದ್ದರೂ ಅದು ಸಾವಿರಾರು ಹಳೆಯ ಚಿತ್ರ ನೋಡಿ ಬಾಯಿಪಾಠ ಮಾಡಿದ್ದಲ್ಲ, ಮುಂದಿರುವ ಚಿತ್ರಗಳಿಗಷ್ಟೇ ಉತ್ತರ ಹೇಳಬೇಕು. ಹಾಗಾಗಿ ನನಗದು ಹಿಡಿಸಿತು.

ಮೂರನೆಯ ಸರಕು ಮಸುಕು ತೆಗೆಯುವುದು. ಮಸೂರ ಬಿಂದುವನ್ನು ಎಷ್ಟು ಹರಡುತ್ತದೆ ಎಂದು ಮೊದಲೇ ಅಳೆದಿಟ್ಟುಕೊಂಡು, ಆ ಹರಡುವಿಕೆಯನ್ನು ಲೆಕ್ಕದಲ್ಲಿ ಹಿಂದಕ್ಕೆ ಎಳೆಯುವುದು. 1990ರಲ್ಲಿ ಹಬಲ್ ಮೇಲೆ ಹೋದಾಗ ಅದರ ಮುಖ್ಯ ದರ್ಪಣದ ಆಕಾರ ತಪ್ಪಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವವರೆಗೆ ಖಗೋಳದವರು ಈ ವಿಧಾನದಿಂದಲೇ ದಿನ ದೂಡಿದರು. ಅಂದರೆ ವಿಧಾನ ಸಾಚಾ. ಆದರೆ ಮಸುಕಿನ ಜೊತೆ ಗದ್ದಲವನ್ನೂ ಅದು ಎತ್ತಿ ತೋರಿಸುತ್ತದೆ. ಅತಿಯಾಗಿ ಎಳೆದರೆ ಬಿಸಿ ಬೋಲ್ಟಿನ ಸುತ್ತ ಸುತ್ತಲಿಗಿಂತ ತಣ್ಣಗಿನ ಒಂದು ಕಪ್ಪು ಉಂಗುರ ಮೂಡುತ್ತದೆ. ಅಂಥ ಉಂಗುರ ಕಂಡರೆ ನಡುವಿನ ಸಂಖ್ಯೆಯೂ ಉಬ್ಬಿರುತ್ತದೆ ಎಂದು ತಿಳಿಯಿರಿ.

ಇನ್ನು ಎಲ್ಲರೂ ಕೇಳುವ ಎಐ. ಒಂದೇ ಒಂದು ಚಿತ್ರ ಕೊಟ್ಟರೆ ನಾಲ್ಕು ಪಟ್ಟು ಮಾಡಿಕೊಡುವ ನೆಟ್‌ವರ್ಕ್‌ಗಳು. ಇವು ಕಲಿಯುವುದು ಹೀಗೆ: ದೊಡ್ಡ ಚಿತ್ರಗಳನ್ನು ಕುಗ್ಗಿಸಿ, ಕುಗ್ಗಿದ್ದರಿಂದ ದೊಡ್ಡದನ್ನು ಊಹಿಸುವ ಅಭ್ಯಾಸ ಮಾಡಿಸುತ್ತಾರೆ. ಊಹೆ ಎಂಬ ಮಾತನ್ನು ಗಮನಿಸಿ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರ ‘ಪಲ್ಸ್’ ಎಂಬ ಸಾಫ್ಟ್‌ವೇರಿಗೆ ಯಾರೋ ಬರಾಕ್ ಒಬಾಮಾರ ಚೌಕಚೌಕವಾದ ಮಸುಕು ಚಿತ್ರ ಕೊಟ್ಟರು. ಹೊರಬಂದದ್ದು ನುಣುಪಾದ, ಸ್ಪಷ್ಟವಾದ ಒಬ್ಬ ಬಿಳಿಯನ ಮುಖ! ಕುಗ್ಗಿಸಿ ನೋಡಿದರೆ ಅದೂ ಆ ಮಸುಕು ಚಿತ್ರಕ್ಕೆ ಹೊಂದುತ್ತದೆ. ತಪ್ಪು ಗಣಿತದ್ದಲ್ಲ. ಒಂದು ಮಸುಕು ಚಿತ್ರಕ್ಕೆ ಹೊಂದುವ ಸ್ಪಷ್ಟ ಚಿತ್ರಗಳು ಅಸಂಖ್ಯ, ಅದರಲ್ಲಿ ತನಗೆ ಹೆಚ್ಚು ಪರಿಚಯವಿದ್ದದ್ದನ್ನು ಸಾಫ್ಟ್‌ವೇರ್ ಆರಿಸಿತು.

ನಿಮ್ಮ ಕೆಲಸದಲ್ಲಿ ಇದರ ಅಪಾಯ ತಿರುಗುಮುರುಗು ರೀತಿಯದು. ಇಂಥ ನೆಟ್‌ವರ್ಕ್ ರಸ್ತೆ, ಕಾರು, ಜನ, ಕಟ್ಟಡಗಳ ಥರ್ಮಲ್ ಚಿತ್ರ ನೋಡಿ ಕಲಿತಿದ್ದರೆ, ಒಂಟಿಯಾಗಿ ಬೆಳಗುವ ಪಿಕ್ಸೆಲ್ ಅದರ ಕಣ್ಣಿಗೆ ಬಹುಪಾಲು ಗದ್ದಲ, ಒರೆಸಿ ಹಾಕಬೇಕಾದ್ದು. ನಿಮಗೋ ಆ ಒಂಟಿ ಪಿಕ್ಸೆಲ್ಲೇ ಸಡಿಲ ಬೋಲ್ಟು. ಚಿತ್ರ ಎಷ್ಟೇ ಅಂದವಾಗಿ ಬರಲಿ, ಅದರ ಮೇಲೆ ಉಷ್ಣತೆಯ ಸಂಖ್ಯೆ ಬರೆಯಬೇಡಿ. ಜನರನ್ನು ಎಣಿಸಲು, ಕತ್ತಲಲ್ಲಿ ಆನೆ ಬಂತೇ ನೋಡಲು ಧಾರಾಳವಾಗಿ ಬಳಸಿ. ಅಲ್ಲಿ ಊಹೆ ತಪ್ಪಿದರೆ ಎರಡನೇ ಸಲ ನೋಡಬಹುದು.

ಅಂದದ ಮಾತು ಬಂದದ್ದಕ್ಕೆ ಇನ್ನೊಂದು: ಸಾದಾ ಕ್ಯಾಮೆರಾದ ಚಿತ್ರದಿಂದ ಗೆರೆಗಳನ್ನು ತೆಗೆದು ಥರ್ಮಲ್ ಚಿತ್ರದ ಮೇಲೆ ಅಚ್ಚೊತ್ತುವ ಸೌಲಭ್ಯ ಇರುತ್ತದೆ. ಫ್ಲಿರ್ ಕಂಪನಿಯ ‘ಎಂಎಸ್‌ಎಕ್ಸ್’ ಅಂಥದ್ದು. ಯಾವ ಫೇಸ್, ಯಾವ ಎಂಸಿಬಿ ಎಂದು ಗುರುತಿಸಲು ಬಹಳ ಒಳ್ಳೆಯದು, ನಾನೂ ಹಾಕಿಕೊಳ್ಳುತ್ತೇನೆ. ಆದರೆ ಲೇಬಲ್ಲಿನ ಅಕ್ಷರಗಳು ಸ್ಪಷ್ಟವಾಗಿ ಕಂಡ ಮಾತ್ರಕ್ಕೆ ಶಾಖವೂ ಅಷ್ಟೇ ಸ್ಪಷ್ಟವಾಗಿ ಕಂಡಿದೆ ಎಂದು ಕಣ್ಣು ಮೋಸಹೋಗುತ್ತದೆ. ಆ ಗೆರೆಗಳಲ್ಲಿ ಉಷ್ಣತೆ ಇಲ್ಲ.

ಸಂಶೋಧನಾಲಯಗಳಲ್ಲಿ ಕ್ಯಾಮೆರಾವನ್ನೇ ಬೇರೆ ರೀತಿ ಕಟ್ಟುವ ಪ್ರಯತ್ನಗಳೂ ನಡೆದಿವೆ. ಅದೇ ರೈಸ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಒಂದೇ ಒಂದು ಪಿಕ್ಸೆಲ್ಲಿನ ಕ್ಯಾಮೆರಾ ಮಾಡಿದರು. ಪ್ರೊಜೆಕ್ಟರಿನಲ್ಲಿರುವ ಪುಟ್ಟ ಕನ್ನಡಿಗಳ ಹಾಸಿನಿಂದ ದೃಶ್ಯದ ಬೇರೆ ಬೇರೆ ಭಾಗಗಳನ್ನು ಕೂಡಿಸಿ ಅಳೆಯುತ್ತಾ ಹೋಗಿ ಕೊನೆಗೆ ಚಿತ್ರ ಬಿಡಿಸುತ್ತದೆ. ಪಿಕ್ಸೆಲ್‌ಗಳೇ ತೀರ ದುಬಾರಿಯಾದ ಕಿರುತರಂಗದ ಇನ್ಫ್ರಾರೆಡ್‌ನಲ್ಲಿ ಅದಕ್ಕೊಂದು ಅರ್ಥವಿದೆ. ಜರ್ಮೇನಿಯಮ್ ಬದಲು ಚಪ್ಪಟೆ ಸಿಲಿಕಾನ್ ಹಾಳೆಯ ಮೇಲೆ ಸೂಕ್ಷ್ಮ ಕಂಬಗಳನ್ನು ಕೆತ್ತಿ ಮಸೂರ ಮಾಡಿ, ಅದರ ಕೊರತೆಯನ್ನು ಲೆಕ್ಕಾಚಾರದಿಂದ ತುಂಬುವ ಕೆಲಸವೂ ಸಾಗಿದೆ. ಇವು ನಿಮ್ಮ ಕೈಗೆ ಬರಲು ಇನ್ನೂ ಕಾಲವಿದೆ, ಬಿಡಿ.

ಈಗ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ದುಡ್ಡು ಕೊಡುವ ಮೊದಲು ಮಾರುವವರ ಮುಂದೆಯೇ ಮಾಡಿ. ಹೊಳೆಯುವ ದೊಡ್ಡ ಸ್ಟೀಲ್ ಡಬರಿ ತಗೊಳ್ಳಿ. ಕರಿ ಇನ್ಸುಲೇಷನ್ ಟೇಪನ್ನು 9 ಮಿಮೀ ಅಗಲಕ್ಕೆ ಕತ್ತರಿಸಿ, ನಡುವೆ ಅಷ್ಟೇ ಜಾಗ ಬಿಟ್ಟು, ನಾಲ್ಕು ಪಟ್ಟಿಗಳನ್ನು ಉದ್ದುದ್ದ ಅಂಟಿಸಿ, ಬಿಸಿನೀರು ತುಂಬಿ. ಟೇಪು ಶಾಖವನ್ನು ಚೆನ್ನಾಗಿ ಸೂಸುವುದರಿಂದ ಬಿಸಿಯಾಗಿ ಕಾಣುತ್ತದೆ. ಸ್ಟೀಲು ಅಷ್ಟೇ ಬಿಸಿ ಇದ್ದರೂ ಕೋಣೆಯನ್ನು ಪ್ರತಿಫಲಿಸುತ್ತಾ ತಣ್ಣಗೆ ಕಾಣುತ್ತದೆ. ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ನಡೆಯಿರಿ. ನಾನು ಹೇಳಿದ 25 ಡಿಗ್ರಿಯ ಲೆಕ್ಕದಲ್ಲಿ ಮೂರೂಕಾಲು ಮೀಟರಿನ ಹೊತ್ತಿಗೆ ಪಟ್ಟಿಗಳು ಕಲಸಿಹೋಗಬೇಕು. ಈಗ ಸೂಪರ್ ರೆಸಲ್ಯೂಷನ್ ಹಾಕಿ ಮತ್ತೆ ನಡೆಯಿರಿ. ಐದು ಮೀಟರಿನವರೆಗೆ ನಾಲ್ಕು ಪಟ್ಟಿ ಎಣಿಸಲು ಸಿಕ್ಕರೆ ಸರಕು ಅಸಲಿ. ಮೊದಲಿನ ದೂರದಲ್ಲೇ ಕಲಸಿ, ಕಲಸಿದ್ದು ಮಾತ್ರ ನುಣುಪಾಗಿ ಕಂಡರೆ ಅದು ನೀರುಮಜ್ಜಿಗೆ. ಪಟ್ಟಿ ‘ಕಾಣುತ್ತಿದೆ’ ಎಂದರೆ ಸಾಲದು, ಎಣಿಸಲೇಬೇಕು. ಮಿತಿ ದಾಟಿದ ಮೇಲೆ ವೇಷದ ಆಟ ಶುರುವಾಗಿ ನಾಲ್ಕು ಪಟ್ಟಿ ಮೂರಾಗಿ ಕಾಣುವುದುಂಟು.

ಅದಾದ ಮೇಲೆ ಪಟ್ಟಿ ಕಿತ್ತು, 8 ಮಿಮೀ ಚೌಕದ ಒಂದೇ ತುಂಡು ಟೇಪು ಅಂಟಿಸಿ. ಅರ್ಧ ಮೀಟರಿನಿಂದ ಎಷ್ಟು, ಮೂರು ಮೀಟರಿನಿಂದ ಎಷ್ಟು, ಐದರಿಂದ ಎಷ್ಟು ಎಂದು ಬರೆದುಕೊಳ್ಳಿ, ಸೌಲಭ್ಯ ಹಾಕಿಯೂ ಹಾಕದೆಯೂ. ನೀರು ಆರುತ್ತಾ ಹೋಗುತ್ತದೆ, ಬೇಗ ಮುಗಿಸಿ. ಹಾಗೆ ಬರೆದುಕೊಂಡ ಸಂಖ್ಯೆಗಳೇ ನಿಮ್ಮ ಕ್ಯಾಮೆರಾದ ಜಾತಕ. ಅಂದಹಾಗೆ ಈ ಡಬರಿ ಇನ್ನೊಂದು ವಿಷಯವನ್ನೂ ಹೇಳುತ್ತಿದೆ: ಹೊಳೆಯುವ ಲೋಹದ ಮೇಲೆ ಯಾವ ರೆಸಲ್ಯೂಷನ್ನಿನ ಕ್ಯಾಮೆರಾವೂ ಸರಿಯಾದ ಉಷ್ಣತೆ ಹೇಳಲಾರದು. ನಿಮ್ಮ ಕ್ಲಾಂಪು ಹೊಸ ಅಲ್ಯುಮಿನಿಯಮ್ ಆಗಿದ್ದರೆ 88 ಕೂಡ ಕಡಿಮೆಯೇ ಇದ್ದೀತು.

ಪಾವಗಡದ ಡ್ರೋನಿಗೆ ಬರೋಣ. ಸೋಲಾರ್ ಪ್ಯಾನೆಲ್‌ಗಳ ಥರ್ಮಲ್ ತಪಾಸಣೆಗೆ 2017ರ ಐಇಸಿ 62446-3 ಎಂಬ ಅಂತರರಾಷ್ಟ್ರೀಯ ನಿರ್ದೇಶನವಿದೆ. ಬಿಸಿಲು ಚದರ ಮೀಟರಿಗೆ ಕನಿಷ್ಠ 600 ವಾಟ್ ಇರಬೇಕು, ಒಂದು ಪಿಕ್ಸೆಲ್ ಪ್ಯಾನೆಲ್ಲಿನ ಮೇಲೆ 3 ಸೆಂಮೀಗಿಂತ ಹೆಚ್ಚು ಅಗಲ ನೋಡಬಾರದು ಎನ್ನುತ್ತದೆ. ಆರಿಂಚಿನ ಒಂದು ಸೆಲ್ಲಿಗೆ ಐದು ಪಿಕ್ಸೆಲ್ ಅಂದಹಾಗಾಯಿತು. ಬಿಸಿಲಿನ ಶರತ್ತು ಪಾವಗಡದಲ್ಲಿ ಕಷ್ಟವಲ್ಲ, 2,050 ಮೆಗಾವಾಟ್‌ನ ಸೋಲಾರ್ ಪಾರ್ಕು ಅಲ್ಲಿ ಕೂತಿರುವುದೇ ಅದಕ್ಕೆ. ಪಿಕ್ಸೆಲ್ಲಿನದ್ದೇ ತೊಡಕು. 12 ಮೈಕ್ರಾನ್ ಪಿಕ್ಸೆಲ್, 9.1 ಮಿಮೀ ಮಸೂರದ 640 ಕ್ಯಾಮೆರಾಕ್ಕೆ ಈ ಲೆಕ್ಕ ಪ್ಯಾನೆಲ್‌ಗಳಿಂದ ಸುಮಾರು 22 ಮೀಟರ್ ದೂರಕ್ಕೆ ಬಂದು ನಿಲ್ಲುತ್ತದೆ. 1280 ಎಂಬ ಸಂಖ್ಯೆಯನ್ನು ನಂಬಿದರೆ 45 ಮೀಟರಿಗೆ ಏರುವ ಆಸೆಯಾಗುತ್ತದೆ. ಏರಬೇಡಿ. ಆ ಡ್ರೋನು ಎಷ್ಟು ಚಿತ್ರ ಸೇರಿಸುತ್ತದೆ, ಎಷ್ಟು ಊಹಿಸುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಎತ್ತರದ ಲೆಕ್ಕ ಯಾವಾಗಲೂ 640ರದ್ದೇ ಇರಲಿ. ಆ ಸೌಲಭ್ಯ ಹಾಕಿದ ಚಿತ್ರ ಕಣ್ಣಿಗೆ ಹಬ್ಬ ಎಂದಿಟ್ಟುಕೊಳ್ಳಿ, ಉಷ್ಣತೆಯನ್ನು ಮೂಲ ಫೈಲಿನಿಂದ ಓದಿ.

ವೇಗದ ಬಗ್ಗೆಯೂ ಎಚ್ಚರ. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಹಾರಿದರೆ, ಪಿಕ್ಸೆಲ್ ಪ್ರತಿಕ್ರಿಯಿಸುವ ಆ ನೂರನೇ ಒಂದು ಸೆಕೆಂಡಿನಲ್ಲೇ ಡ್ರೋನು 5 ಸೆಂಮೀ ಮುಂದೆ ಹೋಗಿರುತ್ತದೆ. 3 ಸೆಂಮೀ ಪಿಕ್ಸೆಲ್ಲಿಗಾಗಿ ತಗ್ಗಿ ಹಾರಿ, 5 ಸೆಂಮೀ ಬಳಿದುಕೊಂಡು ಬಂದರೆ ಏನು ಬಂತು? ಎರಡು, ಹೆಚ್ಚೆಂದರೆ ಮೂರು ಮೀಟರ್ ಇರಲಿ. ಬೇಗ ಮುಗಿಯುವುದಿಲ್ಲ, ಹಾಗಾಗಿ ದರ ಹೇಳುವಾಗಲೇ ದಿನಗಳನ್ನು ಸರಿಯಾಗಿ ಲೆಕ್ಕ ಹಾಕಿ ಹೇಳಿ.

ಕೊನೆಗೆ ಆ ಕ್ಲಾಂಪು. ಯಾರ್ಡಿನ ಕೆಲಸ ತಿಂಗಳಿಗೆ ಒಂದೆರಡು ಬರುವುದಾದರೆ 640 ಕ್ಯಾಮೆರಾವನ್ನು ದಿನಬಾಡಿಗೆಗೆ ತನ್ನಿ, ಅಥವಾ ನಿಮ್ಮ ಕ್ಯಾಮೆರಾಕ್ಕೆ ಎರಡು ಪಟ್ಟಿನ ದೂರಮಸೂರ ಸಿಗುತ್ತದೆಯೇ ವಿಚಾರಿಸಿ. ಮಸೂರ ಕೊಡುವ ಎರಡು ಪಟ್ಟು ಎಂದರೆ ಎರಡೇ ಪಟ್ಟು, ಅದರಲ್ಲಿ ಊಹೆಯಿಲ್ಲ. ಪ್ಯಾನೆಲ್ ಬೋರ್ಡಿನ ಒಳಗಿನ ಕೆಲಸಕ್ಕೆ, ಹತ್ತಿರ ಹೋಗಲು ಸಾಧ್ಯವಿರುವಲ್ಲಿ, 160 ಕ್ಯಾಮೆರಾವೇ ಸಾಕು. ಕಾರ್ಖಾನೆಯವರಿಗೆ ಈಗಲೇ ಎರಡು ಸಾಲಿನ ತಿದ್ದುಪಡಿ ಕಳಿಸಿ: ‘ನೋಡಿದ ದೂರಕ್ಕೆ ಬಿಸಿ ಜಾಗ ಕ್ಯಾಮೆರಾದ ಅಳತೆಯ ಮಿತಿಗಿಂತ ಚಿಕ್ಕದಿತ್ತು, ನಿಜವಾದ ಉಷ್ಣತೆ 62ಕ್ಕಿಂತ ಹೆಚ್ಚು. ಮುಂದಿನ ನಿಗದಿತ ಶಟ್‌ಡೌನ್‌ವರೆಗೆ ಕಾಯದೆ, ಈಗಲೇ ವಿದ್ಯುತ್ ಬಂದ್ ಮಾಡಿಸಿ ಬಿಚ್ಚಿ, ಸಂಪರ್ಕದ ಮೇಲ್ಮೈ ಉಜ್ಜಿ ಬಿಗಿಯಬೇಕು.’ ಮುಂದಿನ ರಿಪೋರ್ಟ್‌ಗಳಲ್ಲಿ ಪ್ರತಿ ಉಷ್ಣತೆಯ ಪಕ್ಕ ದೂರವನ್ನೂ, ಒಂದು ಪಿಕ್ಸೆಲ್ ಎಷ್ಟು ಮಿಮೀ ಎಂಬುದನ್ನೂ, ಆ ಹೊತ್ತಿನ ಲೋಡನ್ನೂ ಬರೆಯುವ ಒಂದು ಕಾಲಂ ಸೇರಿಸಿ.